ಬ್ಯಾರನ್ ರೀಲ್ ನಾನ್ಯಾಕೆ ಅಳಿಸಲಿ?

(1)
ಫೋಟೋದಲ್ಲಿರೋದು ನಮ್ಮ ಬ್ಯಾರನ್. ಹಾರನಹಳ್ಳಿ ಹೋಬಳಿಯವರಿಗೆ ಇದೇನು ಅಂತ ಹೇಳೋದೇ ಬೇಡ. ಬೇರೆ ಕಡೆಯಿಂದ ಫಾಲೋ ಮಾಡ್ತಿರೋರಿಗೆ ಮಾತ್ರ ಹೇಳ್ತೀನಿ, ಇದು ಹೊಗೆಸೊಪ್ಪು ಬೇಯಿಸೋ ಮನೆ. ಮುಂದೆ ಕುಕ್ಕರುಗಾಲಲ್ಲಿ ಕೂತು ಒಲೆಗೆ ಸೌದೆ ಹಾಕ್ತಿರೋದು ನಮ್ಮವ್ವ. ಈ ಫೋಟೋ ಹತ್ತೊಂಬತ್ತು ದಿನ ಆರ್ಕೈವ್‌ನಲ್ಲಿತ್ತು. ಇವತ್ತು ವಾಪಸ್ ಹಾಕಿದ್ದೀನಿ. ಯಾಕೆ ತೆಗೆದೆ, ಯಾಕೆ ಹಾಕಿದೆ ಅಂತ ಡಿಎಂನಲ್ಲಿ ಕೇಳ್ತಾನೇ ಇದ್ದೀರ. ಒಬ್ಬೊಬ್ಬರಿಗೂ ಹೇಳೋಕಾಗಲ್ಲ, ಇಲ್ಲೇ ಬರೀತೀನಿ. ಒಂದು ಕ್ಯಾಪ್ಶನ್‌ಗೆ 2200 ಅಕ್ಷರ ಅಷ್ಟೇ ಬಿಡೋದು, ಅದಕ್ಕೇ ಭಾಗ ಭಾಗ. ಪೂರ್ತಿ ಓದೋಕೆ ಬೇಜಾರಾದ್ರೆ 6ನೇ ಭಾಗ ಒಂದನ್ನಾದ್ರೂ ಓದಿ. ಅದರಲ್ಲಿ ದುಡ್ಡಿನ ವಿಷಯ ಇದೆ.

ಹೋದ ತಿಂಗಳು ಕಾಲೇಜಿಗೆ ಪ್ಲೇಸ್‌ಮೆಂಟ್ ಟ್ರೈನಿಂಗ್ ಕೊಡೋಕೆ ಹೊರಗಿನಿಂದ ಒಬ್ಬರು ಬಂದಿದ್ರು. ಅವರ ಹೆಸರೂ ಬೇಡ, ಕಾಲೇಜಿನ ಹೆಸರೂ ಬೇಡ. ಕ್ಲಾಸಲ್ಲಿದ್ದವರಿಗೆ ಗೊತ್ತು. ವಿಷಯ, ಕೆಲಸ ಹುಡುಕೋವಾಗ ಸೋಶಿಯಲ್ ಮೀಡಿಯಾದಲ್ಲಿ ಹೇಗಿರಬೇಕು ಅನ್ನೋದು. "ಯಾರಾದ್ರೂ ಒಬ್ಬರು ನಿಮ್ಮ ಪ್ರೊಫೈಲ್ ಕೊಡಿ, ಲೈವ್ ಆಗಿ ನೋಡೋಣ" ಅಂದ್ರು. ಯಾರೂ ಕೊಡಲಿಲ್ಲ. ಪಕ್ಕದಲ್ಲಿದ್ದವಳು ನನ್ನ ಕೈ ಎತ್ತಿಸಿಬಿಟ್ಲು. ಪ್ರೊಜೆಕ್ಟರ್ ಮೇಲೆ ನನ್ನ ಪೇಜು ಬಂತು. ಸೊಪ್ಪು ಕಟ್ಟೋದು, ಟ್ರಾಕ್ಟರ್, ಮಳೇಲಿ ನಾಟಿ, ಅವ್ವ. ಅವರು ಬೆರಳಲ್ಲಿ ಮೇಲಕ್ಕೆ ಸರಿಸ್ತಾನೇ ಹೋದ್ರು. ಆಮೇಲೆ ನಿಲ್ಲಿಸಿ ಕೇಳಿದ್ರು, "ಇದನ್ನ ನೋಡಿದ್ರೆ ಹೆಚ್‌ಆರ್ ಏನಂದ್ಕೋತಾರೆ ಹೇಳಿ?" ಕ್ಲಾಸು ನಕ್ಕಿತು. ನಾನೂ ನಕ್ಕೆ. ಬೇರೆ ಏನ್ ಮಾಡ್ಬೇಕು ಅಂತ ಗೊತ್ತಾಗಲಿಲ್ಲ.

"ಪ್ರೊಫೆಷನಲ್ ಆಗಿರಬೇಕಮ್ಮ. ಇವೆಲ್ಲ ತೆಗೆದುಬಿಡು" ಅಂದ್ರು.

ನನ್ನ ನಂತರ ಒಬ್ಬ ಹುಡುಗನ ಪೇಜು ನೋಡಿದ್ರು. ಹುಣಸೂರು ರೋಡಲ್ಲಿ ಹೆಲ್ಮೆಟ್ ಇಲ್ಲದೆ ವ್ಹೀಲಿಂಗ್. "ಜೋರಿದ್ದೀಯಲ್ಲೋ" ಅಂತ ನಕ್ಕು ಮುಂದಕ್ಕೆ ಹೋದ್ರು. ಇದನ್ನ ಒಂದು ಕಡೆ ಇಟ್ಕೊಳ್ಳಿ, 9ನೇ ಭಾಗದಲ್ಲಿ ಬೇಕಾಗುತ್ತೆ.

(2)
ಅವತ್ತು ರಾತ್ರಿ ಕೂತು 41 ಪೋಸ್ಟ್ ಆರ್ಕೈವ್ ಮಾಡಿದೆ. ಡಿಲೀಟ್ ಮಾಡೋಕೆ ಮನಸ್ಸು ಬರಲಿಲ್ಲ. ಗೊತ್ತಿಲ್ಲದವರಿಗೆ ಹೇಳ್ತೀನಿ, ಆರ್ಕೈವ್ ಮಾಡಿದ್ರೆ ನಮಗೆ ಮಾತ್ರ ಕಾಣುತ್ತೆ, ಬೇಕಾದಾಗ ವಾಪಸ್ ತರಬಹುದು. ಡಿಲೀಟ್ ಮಾಡಿದ್ರೆ 30 ದಿನ ಇರುತ್ತೆ, ಆಮೇಲೆ ಹೋಯ್ತು.

ಉಳಿದಿದ್ದು ಏನು? ಚಾಮುಂಡಿ ಬೆಟ್ಟದಲ್ಲಿ ತೆಗೆದ ಫೋಟೋ, ಎಥ್ನಿಕ್ ಡೇ ಸೀರೆ, ಒಂದು ರಂಗೋಲಿ, ಯಾರದ್ದೋ ಬರ್ತ್‌ಡೇ ಕೇಕು. ಆ ಪೇಜು ನೋಡಿದ್ರೆ ಯಾರದ್ದು ಬೇಕಾದ್ರೂ ಅನ್ನಬಹುದು. ಮೈಸೂರಲ್ಲಿ ಅಂಥಾ ಪೇಜು ಲಕ್ಷ ಇರ್ತವೆ. ನಮ್ಮನ್ನ ಲಕ್ಷದಲ್ಲಿ ಒಬ್ಬರನ್ನಾಗಿ ಮಾಡೋದೇ ಪ್ರೊಫೆಷನಲ್ ಅನ್ನೋದಾದ್ರೆ, ಆ ಲಕ್ಷದಲ್ಲಿ ನನ್ನನ್ನೇ ಯಾಕೆ ಕರೀತಾರೆ ಸ್ವಾಮಿ?

ಮಾರನೇ ದಿನ ಅಪ್ಪ ಕೇಳಿದ್ರು, "ಆ ಲೆಕ್ಕದ ವಿಡಿಯೋ ಕಾಣ್ತಿಲ್ವಂತಲ್ಲ ಮಗ, ಮಾರ್ಕೆಟ್ಟಲ್ಲಿ ಒಬ್ಬರು ಕೇಳಿದ್ರು, ಏನಾಯ್ತು?" ನಮ್ಮಪ್ಪನ ಹತ್ರ ಬಟನ್ ಫೋನು. ಇನ್‌ಸ್ಟಾಗ್ರಾಂ ಅಂದ್ರೆ ಏನು ಅಂತ ಇವತ್ತಿಗೂ ಗೊತ್ತಿಲ್ಲ. ಆದ್ರೆ ಮಗಳ ವಿಡಿಯೋ ಒಂದನ್ನ ಪಿರಿಯಾಪಟ್ಟಣದ ಹರಾಜು ಮಾರ್ಕೆಟ್ಟಲ್ಲಿ ಯಾರೋ ತೋರಿಸಿದ್ದಾರೆ, ಅದು ಮಾತ್ರ ಗೊತ್ತು. ನೆಟ್‌ವರ್ಕ್ ಪ್ರಾಬ್ಲಂ ಅಂತ ಸುಳ್ಳು ಹೇಳಿದೆ. ಪಾಪ, ನಂಬಿದ್ರು.

(3)
ಆ ಲೆಕ್ಕದ ವಿಡಿಯೋ ಏನು ಅಂತ ಹೇಳ್ಬೇಕು, ಇಲ್ಲಾಂದ್ರೆ ನನ್ನ ಸಿಟ್ಟು ನಿಮಗೆ ಅರ್ಥ ಆಗಲ್ಲ.

ಕಾಸ್ಟ್ ಅಕೌಂಟಿಂಗ್ ಪೇಪರ್ ಇತ್ತಲ್ಲ, ಪುಸ್ತಕದಲ್ಲಿ ಎಲ್ಲಾ ಉದಾಹರಣೆನೂ ಫ್ಯಾಕ್ಟರಿದೇ. ಎಕ್ಸ್ ಲಿಮಿಟೆಡ್, ವೈ ಲಿಮಿಟೆಡ್. ನಾನು ಒಂದು ಸೀಸನ್ ಪೂರ್ತಿ ನಮ್ಮ ಬ್ಯಾರನ್ ಲೆಕ್ಕ ಎಕ್ಸೆಲ್‌ನಲ್ಲಿ ಹಾಕಿದೆ. ಸಸಿ, ಗೊಬ್ಬರ, ಔಷಧಿ, ಉಳುಮೆ, ಮುರಿಯೋ ಕೂಲಿ, ಕಟ್ಟೋ ಕೂಲಿ, ಸೌದೆ, ಮಾರ್ಕೆಟ್‌ಗೆ ಬೇಲ್ ಸಾಗಿಸೋ ಬಾಡಿಗೆ. ಬರೀ ಸೌದೆ ಕಾಲಂ ಮೊತ್ತ ನೋಡಿ ಅಪ್ಪ "ಇಷ್ಟಾ?" ಅಂದ್ರು. ಆದ್ರೂ ಕೊನೇಲಿ ಲಾಭ ಬಂತು, ಖುಷಿಯಾದ್ರು. ಆಮೇಲೆ ನಾನು ಇನ್ನೊಂದು ಸಾಲು ಸೇರಿಸಿದೆ. ಅವ್ವನ ಕೂಲಿ.

ಬ್ಯಾರನ್‌ಗೆ ಬೆಂಕಿ ಹಾಕಿದ್ರೆ ಐದಾರು ದಿನ ಹಗಲೂ ರಾತ್ರಿ ಕಾಯ್ಬೇಕು. ಶಾಖ ಮೆಲ್ಲಮೆಲ್ಲಗೆ ಏರಬೇಕು, ಒಂದೇ ಸಲ ಏರಿದ್ರೆ ಸೊಪ್ಪು ಕೆಡುತ್ತೆ, ಇಳಿದ್ರೂ ಕೆಡುತ್ತೆ. ರಾತ್ರಿ ಕಾಯೋದು ಅವ್ವ. ಸಂಬಳ ಕೊಡದೇ ಇದ್ರೂ ಮನೆಯವರ ದುಡಿಮೆಗೆ ಒಂದು ಬೆಲೆ ಕಟ್ಟಬೇಕು ಅಂತ ನಮ್ಮ ಪುಸ್ತಕದಲ್ಲೇ ಇದೆ, ನೋಷನಲ್ ಕಾಸ್ಟ್ ಅಂತಾರೆ. ಆ ಸಾಲು ಹಾಕಿದ ತಕ್ಷಣ ಕೆಳಗಡೆ ಲಾಭ ಇದ್ದ ಜಾಗದಲ್ಲಿ ನಷ್ಟ ಬಂತು. ನಮ್ಮ ಮನೆ ಇಷ್ಟು ವರ್ಷ ಅವ್ವನ ನಿದ್ದೆ ಮೇಲೆ ಲಾಭ ತೋರಿಸ್ತಿತ್ತು.

ಅದನ್ನೇ ಒಂದೂವರೆ ನಿಮಿಷದ ರೀಲ್ ಮಾಡಿದ್ದೆ. ಹಿಂದೆ ಅವ್ವ ಸೌದೆ ಹಾಕ್ತಿದ್ದಾಳೆ, ಮುಂದೆ ಎಕ್ಸೆಲ್ ಶೀಟು. ನನ್ನ ಪೇಜಲ್ಲಿ ಜಾಸ್ತಿ ಜನ ನೋಡಿದ್ದು ಅದೇ. ಕೆಆರ್ ನಗರದಿಂದ ಒಬ್ಬರು ಭತ್ತಕ್ಕೆ ಇದೇ ಥರ ಶೀಟು ಮಾಡಿಕೊಡ್ತೀಯಾ ಅಂತ ಕೇಳಿದ್ರು. ಮಾಡಿಕೊಟ್ಟೆ.

ಟ್ರೈನರ್ ಆ ರೀಲ್ ಮೇಲೂ ಬೆರಳು ಸರಿಸಿದ್ರು. ಕವರ್‌ನಲ್ಲಿ ಅವ್ವನ ಮಸಿ ಕೈ ಇತ್ತಲ್ಲ, ಅಷ್ಟು ಸಾಕಾಯ್ತು. ಒಳಗಿದ್ದ ಎಕ್ಸೆಲ್ ನೋಡಲಿಲ್ಲ. ನನ್ನ ರೆಸ್ಯೂಮ್‌ನಲ್ಲಿ "ನಾಲೆಡ್ಜ್ ಆಫ್ ಎಂಎಸ್ ಎಕ್ಸೆಲ್" ಅಂತ ಒಂದು ಸಾಲು ಇದೆ. ಆ ಸಾಲು ಎಲ್ಲರ ರೆಸ್ಯೂಮ್‌ನಲ್ಲೂ ಇದೆ. ನಿಜ ಅಂತ ತೋರಿಸೋಕೆ ನನ್ನ ಹತ್ರ ಇದ್ದದ್ದು ಅದೊಂದು ರೀಲ್. ಅದನ್ನೇ ತೆಗೆ ಅಂದ್ರು.

(4)
ಹರಾಜಿಗೆ ಹೋದವರಿಗೆ ಇದು ಗೊತ್ತಿರುತ್ತೆ. ಬೇಲ್ ಕಟ್ಟೋವಾಗ ಒಳ್ಳೇ ಸೊಪ್ಪು, ಮಧ್ಯಮ, ಕಳಪೆ ಅಂತ ಬೇರೆ ಬೇರೆ ಮಾಡ್ತೀವಿ. ಬೇರೆ ಮಾಡೋದು ತಪ್ಪಲ್ಲ, ಮಾಡ್ಲೇಬೇಕು. ತಪ್ಪು ಯಾವುದಂದ್ರೆ ಮೇಲೆ ಬಂಗಾರದ ಬಣ್ಣದ್ದು ಹಾಸಿ ಒಳಗೆ ಕರೀದು ತುಂಬೋದು. ಮಾರ್ಕೆಟ್ಟಲ್ಲಿ ಮಧ್ಯದಿಂದ ಒಂದು ಹಿಡಿ ಎಳೆದು ನೋಡಿದ್ರೆ ಮುಗೀತು, ಪೂರ್ತಿ ಬೇಲ್ ವಾಪಸ್. ಆಮೇಲೆ ಆ ರೈತನ ಒಳ್ಳೇ ಬೇಲ್ ಬಂದ್ರೂ ಅನುಮಾನದಲ್ಲೇ ನೋಡ್ತಾರೆ.

ಪ್ರೊಫೈಲ್ ಕ್ಲೀನ್ ಮಾಡಿ ಅನ್ನೋ ಗುರುಗಳೆಲ್ಲ ಹೇಳಿಕೊಡ್ತಿರೋದು ಮೇಲೆ ಹಾಸೋ ಕೆಲಸ. ಬ್ಲೇಜರ್ ಫೋಟೋ ಹಾಕು, ಇಂಗ್ಲಿಷ್‌ನಲ್ಲಿ ಬಯೋ ಬರಿ, "ಆಸ್ಪೈರಿಂಗ್ ಫೈನಾನ್ಸ್ ಪ್ರೊಫೆಷನಲ್" ಅಂತ ಹಾಕು. ಇಂಟರ್‌ವ್ಯೂನಲ್ಲಿ ಎರಡು ಪ್ರಶ್ನೆ ಕೇಳಿದ್ರೆ ಮಧ್ಯದ ಸೊಪ್ಪು ಆಚೆ ಬರುತ್ತೆ. ಜಿಎಸ್‌ಟಿಆರ್-1ಕ್ಕೂ 3ಬಿಗೂ ಏನು ವ್ಯತ್ಯಾಸ ಅಂದ್ರೆ ಬ್ಲೇಜರ್ ಉತ್ತರ ಕೊಡುತ್ತಾ?

ನನ್ನ ವಿಷಯದಲ್ಲಿ ಇನ್ನೂ ವಿಚಿತ್ರ. ಅವರು ಕಳಪೆ ಸೊಪ್ಪು ಮುಚ್ಚಿಡು ಅನ್ನಲಿಲ್ಲ. ಸೊಪ್ಪು ಬೆಳೆದ ಹೊಲವನ್ನೇ ಮುಚ್ಚಿಡು ಅಂದ್ರು.

(ತಂಬಾಕು ಒಳ್ಳೇದು ಅಂತ ನಾನು ಹೇಳ್ತಿಲ್ಲ. ಅದರ ಬಗ್ಗೆ ಮನೇಲೇ ಜಗಳ ಇದೆ. ಪಕ್ಕದ ಹೊಲದವರು ಶುಂಠಿಗೆ ಹೋಗಿ ಕೈ ಸುಟ್ಕೊಂಡಿದ್ದನ್ನ ಕಣ್ಣಾರೆ ನೋಡಿದ ಅಪ್ಪ ಬೇರೆ ಬೆಳೆ ಅಂದ್ರೆ ಹೆದರ್ತಾರೆ. ಅದು ಇನ್ನೊಂದು ದಿನಕ್ಕೆ. ಆದ್ರೆ ನನ್ನ ಕಾಲೇಜು ಫೀಸು ಬಂದಿದ್ದು ಇದೇ ಬ್ಯಾರನ್‌ನಿಂದ, ಅದನ್ನ ಸುಳ್ಳು ಅನ್ನೋಕಾಗಲ್ಲ.)

(5)
ಟ್ರೈನರ್ ಹೇಳಿದ್ದೆಲ್ಲಾ ತಪ್ಪು ಅಂತ ಬರೆದ್ರೆ ನಾನೇ ಸುಳ್ಳಿ ಆಗ್ತೀನಿ. ಒಂದು ಮಾತು ಸರಿ ಹೇಳಿದ್ರು, "ಫೋಟೋಗಿಂತ ಕಾಮೆಂಟ್ ನೋಡಿಕೊಳ್ಳಿ." ಅದನ್ನ ಅರ್ಧ ನಿಮಿಷ ಹೇಳಿ ಮುಂದಕ್ಕೆ ಹೋದ್ರು. ಅರ್ಧ ದಿನ ಹೇಳಬೇಕಾಗಿತ್ತು.

ನಮ್ಮ ಆಕ್ಟಿವಿಟಿ ಅಂತ ಒಂದು ಜಾಗ ಇದೆ, ಅಲ್ಲಿ ಇಷ್ಟು ವರ್ಷ ನಾವು ಮಾಡಿರೋ ಕಾಮೆಂಟ್ ಎಲ್ಲಾ ಸಾಲಾಗಿ ಸಿಗುತ್ತೆ. ಅವತ್ತು ರಾತ್ರಿ ಅದನ್ನೂ ನೋಡಿದೆ. ಐಪಿಎಲ್ ಸಮಯದ ಬೈಗುಳ, ಹೀರೋಗಳ ಫ್ಯಾನ್ಸ್ ಜಗಳ. ನಗು ಬಂತು. ಕೆಳಗೆ ಹೋಗ್ತಾ ಹೋಗ್ತಾ ನಗು ನಿಂತುಹೋಯ್ತು.

ಪಿಯುಸಿ ಮೊದಲನೇ ವರ್ಷ. ನಮ್ಮ ಕಡೆಯ ಹುಡುಗಿ ಒಬ್ಬಳು ಡ್ಯಾನ್ಸ್ ವಿಡಿಯೋ ಹಾಕಿದ್ಲು. ಯಾರೋ ಅವಳ ಕೇರಿ ಹೆಸರು ಹಿಡಿದು ಹೊಲಸಾಗಿ ಬರೆದಿದ್ದ. ಅದರ ಕೆಳಗೆ ನಾನು ಮೂರು ನಗೋ ಇಮೋಜಿ ಹಾಕಿದ್ದೆ. ನಾನು ಒಂದಕ್ಷರನೂ ಬರೆದಿರಲಿಲ್ಲ. ಬರೀ ನಕ್ಕಿದ್ದೆ.

ಆ ಹುಡುಗಿ ಈಗ ನಮ್ಮ ಕಾಲೇಜಲ್ಲೇ ಬಿಎ ಓದ್ತಾಳೆ. ಒಂದೇ ಬಸ್ಸಲ್ಲಿ ಬರ್ತೀವಿ.

ಡಿಲೀಟ್ ಒತ್ತಿದೆ. ಒಂದು ಸೆಕೆಂಡ್ ಕೆಲಸ. ಹೆಚ್‌ಆರ್ ಕಣ್ಣಿಗೆ ಇನ್ನು ಬೀಳಲ್ಲ. ಆದ್ರೆ ಅವಳು ಅವತ್ತೇ ನೋಡಿದ್ಲು ತಾನೇ? ಮಾರನೇ ವಾರ ಬಸ್ ಸ್ಟ್ಯಾಂಡಲ್ಲಿ ಹೋಗಿ ಹೇಳಿದೆ, ಹಿಂಗಿಂಗೆ, ನಾನು ನಕ್ಕಿದ್ದೆ, ತಪ್ಪಾಯ್ತು ಅಂತ. ಅವಳು "ಗೊತ್ತು, ಸ್ಕ್ರೀನ್‌ಶಾಟ್ ಇದೆ" ಅಂದ್ಲು. ಅಷ್ಟೇ ಅಂದು ಬಸ್ ಹತ್ತಿದ್ಲು. ಅವಳು ಕ್ಷಮಿಸಿದ್ಲಾ ಅಂತ ಕೇಳಬೇಡಿ, ನಾನೂ ಕೇಳಿಲ್ಲ.

ಕೆಲಸಕ್ಕೋಸ್ಕರ ಕಾಮೆಂಟ್ ಅಳಿಸಿ ಅಂತಾರೆ. ಕೆಲಸ ಇರಲಿ ಬಿಡಿ, ಅದು ಅಲ್ಲಿ ಇರಲೇಬಾರದಾಗಿತ್ತು. ಪರಿಶಿಷ್ಟ ಜಾತಿ ಪಂಗಡದವರನ್ನ ಜಾತಿ ಹೆಸರು ಹಿಡಿದು ಎಲ್ಲರ ಎದುರು ಬೈಯೋದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಅದನ್ನ ಒಂದು ಟ್ರೈನಿಂಗ್‌ನಲ್ಲೂ ಯಾರೂ ಹೇಳಲ್ಲ. ನಮ್ಮವ್ವನ ಮಸಿ ಕೈ ಪ್ರೊಜೆಕ್ಟರ್ ಮೇಲೆ ಅಸಹ್ಯ ಆಯ್ತು, ಇದು ಯಾರ ಕಣ್ಣಿಗೂ ಬೀಳಲಿಲ್ಲ.

(6)
ಈಗ ದುಡ್ಡಿನ ವಿಷಯ. ಎರಡು ಗಂಟೆ ಟ್ರೈನಿಂಗ್‌ನಲ್ಲಿ ಒಂದು ಮಾತೂ ಬಾರದ ವಿಷಯ.

ನಮ್ಮ ಕ್ಲಾಸಿನ ಒಬ್ಬ ಹುಡುಗ, ಹೆಸರು ಹೇಳಲ್ಲ, ಅವನನ್ನ ಕೇಳಿಯೇ ಬರೀತಿದ್ದೀನಿ. ಅವನ ಇನ್‌ಸ್ಟಾಗ್ರಾಂ ಪ್ರೈವೇಟ್. ಒಂದೇ ಫೋಟೋ, ದೇವರದ್ದು. ಟ್ರೈನರ್ ನೋಡಿದ್ರೆ ಹತ್ತಕ್ಕೆ ಹತ್ತು ಕೊಡ್ತಿದ್ರು. ಆದ್ರೆ ಅವನ ರೆಸ್ಯೂಮ್ ಟೆಲಿಗ್ರಾಂನ ಮೂರು ಜಾಬ್ ಗ್ರೂಪ್‌ನಲ್ಲಿ ಇತ್ತು. "ಪ್ಲೀಸ್ ಎನಿ ಜಾಬ್ ಸರ್" ಅಂತ ಬರೆದು ಪಿಡಿಎಫ್ ಹಾಕಿದ್ದ.

ಆ ಪಿಡಿಎಫ್ ಒಮ್ಮೆ ನೋಡಿ, ನಿಮ್ಮದೂ ಹಂಗೇ ಇರುತ್ತೆ. ಸೈಬರ್ ಸೆಂಟರ್‌ನಲ್ಲಿ ಒಂದೇ ಫಾರ್ಮ್ಯಾಟು, ಹೆಸರು ಬದಲಾಯಿಸಿ ಕೊಡ್ತಾರೆ. ತಂದೆ ಹೆಸರು, ತಾಯಿ ಹೆಸರು, ಹುಟ್ಟಿದ ದಿನಾಂಕ, ಧರ್ಮ, ಜಾತಿ, ಮನೆ ವಿಳಾಸ, ಫೋನ್ ನಂಬರ್, ಕೆಲವರದ್ದರಲ್ಲಿ ಆಧಾರ್ ನಂಬರ್ ಕೂಡ. ಕೊನೇಲಿ ಡಿಕ್ಲರೇಶನ್, ಸಹಿ. ಸಹಿ ಸಮೇತ ಕಣ್ರೋ! ನಮ್ಮಜ್ಜಿ ಹೆಬ್ಬೆಟ್ಟು ಒತ್ತೋಕೆ ಮುಂಚೆ ನಾಲ್ಕು ಜನನ್ನ ಕೇಳ್ತಿದ್ರಂತೆ. ನಾವು ಸಹಿ ಹಾಕಿ ಸಾವಿರಾರು ಅಪರಿಚಿತರಿಗೆ ಹಂಚ್ತಿದ್ದೀವಿ.

ಅವನಿಗೆ ಫೋನ್ ಬಂತು. ಅಪ್ಪನ ಹೆಸರು ಹೇಳಿದ್ರು, ಊರು ಹೇಳಿದ್ರು, ಬಿಕಾಂ ಪರ್ಸೆಂಟೇಜ್ ಹೇಳಿದ್ರು. ಇಷ್ಟೆಲ್ಲಾ ಗೊತ್ತಿದೆ ಅಂದ್ಮೇಲೆ ನಿಜವಾದ ಕಂಪನಿನೇ ಅಂದ್ಕೊಂಡ. ರಿಜಿಸ್ಟ್ರೇಶನ್ 850, ಟ್ರೈನಿಂಗ್ ಕಿಟ್ 2400, ಲ್ಯಾಪ್‌ಟಾಪ್ ಡೆಪಾಸಿಟ್ 5000. ಒಟ್ಟು 8250. ಮನೇಲಿ ಕೇಳಿಲ್ಲ, ಚಿಕ್ಕಪ್ಪನ ಹತ್ರ ಕೈಸಾಲ. ಆಮೇಲೆ ನಂಬರ್ ಸ್ವಿಚ್ ಆಫ್.

1930ಕ್ಕೆ ಫೋನ್ ಮಾಡಿದ್ದು ಮೂರನೇ ದಿನ. ಅಲ್ಲೀವರೆಗೆ ನಾಚಿಕೆ. 1930 ಅಂದ್ರೆ ಸೈಬರ್ ವಂಚನೆ ಸಹಾಯವಾಣಿ, ದುಡ್ಡು ಹೋದ ತಕ್ಷಣ, ಗಂಟೆ ಒಳಗೇ ಮಾಡಿದ್ರೆ ದುಡ್ಡು ಇನ್ನೊಂದು ಅಕೌಂಟ್‌ಗೆ ಹಾರೋ ಮುಂಚೆ ತಡೆಯೋ ಸಾಧ್ಯತೆ ಇರುತ್ತೆ. ಮೂರು ದಿನ ಆದ್ಮೇಲೆ ಕಷ್ಟ. ದುಡ್ಡು ವಾಪಸ್ ಬಂದಿಲ್ಲ.

(6ರ ಮುಂದುವರಿಕೆ, ಜಾಗ ಸಾಲಲಿಲ್ಲ)
ರೆಸ್ಯೂಮ್‌ನಲ್ಲಿ ಹೆಸರು, ಊರು ಅಥವಾ ತಾಲ್ಲೂಕು, ಇಮೇಲ್, ಓದು, ಬರೋ ಕೆಲಸ. ಇಷ್ಟು ಸಾಕು. ಕಂಪನಿಗೆ ನೇರವಾಗಿ ಕಳಿಸೋದಾದ್ರೆ ಮಾತ್ರ ಫೋನ್ ನಂಬರ್. ಆಧಾರ್ ಕೇಳಿದ್ರೆ ಕೆಲಸಕ್ಕೆ ಸೇರೋವಾಗ ಕೊಡಿ, ಅದೂ ಮಾಸ್ಕ್ಡ್ ಆಧಾರ್ ಸಾಕಾ ಅಂತ ಕೇಳಿ. ಯುಐಡಿಎಐ ವೆಬ್‌ಸೈಟಲ್ಲೇ ಸಿಗುತ್ತೆ, ಕೊನೇ ನಾಲ್ಕು ಅಂಕಿ ಮಾತ್ರ ಕಾಣುತ್ತೆ. ಸೈಬರ್ ಸೆಂಟರ್‌ನಲ್ಲಿ ಮಾಡಿಸಿದ್ರೆ ಫೈಲ್ ಅವರ ಡೆಸ್ಕ್‌ಟಾಪ್ ಮೇಲೇ ಇರುತ್ತೆ, ಎದುರಿಗೇ ಅಳಿಸಿಸಿ. ಪಿರಿಯಾಪಟ್ಟಣದಲ್ಲಿ ನನ್ನ ರೆಸ್ಯೂಮ್ ಪಕ್ಕದಲ್ಲೇ ಇನ್ನೂ ಮೂವತ್ತು ಜನರದ್ದು ಇತ್ತು, ಬೇಕಂದ್ರೆ ಎಲ್ಲಾ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಬರಬಹುದಿತ್ತು.

ಕೆಲಸ ಕೊಡೋರು ದುಡ್ಡು ಕೊಡ್ತಾರೆ, ಕೇಳಲ್ಲ. "ನಿನ್ನ ಬ್ಯಾಂಕ್ ಅಕೌಂಟ್ ಬಳಸೋಕೆ ಕೊಡು, ಕಮಿಷನ್ ಕೊಡ್ತೀವಿ" ಅನ್ನೋ ಪಾರ್ಟ್ ಟೈಮ್ ಡಿಎಂ ಬಂದ್ರೆ ಬ್ಲಾಕ್ ಮಾಡಿ. ಬೇರೆಯವರಿಂದ ಕದ್ದ ದುಡ್ಡು ನಿಮ್ಮ ಅಕೌಂಟ್ ಮೂಲಕ ಹೋಗುತ್ತೆ, ಪೊಲೀಸರು ಬರೋದು ನಿಮ್ಮ ಮನೆಗೆ. ಬಿಕಾಂ ಓದಿ ಇದು ಗೊತ್ತಿರಲಿಲ್ಲ ಅಂದ್ರೆ ಯಾರು ನಂಬ್ತಾರೆ?

ಯುವನಿಧಿಗೂ ಅಷ್ಟೇ. ಡಿಗ್ರಿ ಆಗಿ ಆರು ತಿಂಗಳು ಕೆಲಸ ಸಿಗದಿದ್ರೆ ತಿಂಗಳಿಗೆ 3000, ಅದೂ ಎರಡು ವರ್ಷ ಮಾತ್ರ. ಅರ್ಜಿ ಸೇವಾ ಸಿಂಧುನಲ್ಲಿ. ವಾಟ್ಸಾಪ್‌ನಲ್ಲಿ ಬೇರೆ ಲಿಂಕ್ ಬಂದ್ರೆ ಒತ್ತಬೇಡಿ.

(7)
"ಪಬ್ಲಿಕ್ ಆಗಿ ಹಾಕಿದ್ಮೇಲೆ ಹೆಚ್‌ಆರ್ ನೋಡ್ತಾರೆ, ಅದರಲ್ಲೇನು ತಪ್ಪು?" ಅಂತ ಒಬ್ಬ ಅಣ್ಣ ಸ್ಟೋರಿಗೆ ರಿಪ್ಲೈ ಮಾಡಿದ್ರು. ಪ್ರಶ್ನೆ ಸರಿಯಾಗಿದೆ, ಉತ್ತರ ಕೊಡ್ತೀನಿ.

ಕೆ.ಎಸ್. ಪುಟ್ಟಸ್ವಾಮಿ ಅಂತ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಿದ್ರು. ಎಂಬತ್ತು ದಾಟಿದ ವಯಸ್ಸಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದ್ರು. ಆ ಕೇಸಿನಲ್ಲೇ 24 ಆಗಸ್ಟ್ 2017ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು, ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ. ದೇಶಕ್ಕೆಲ್ಲಾ ಆ ತೀರ್ಪು ಪುಟ್ಟಸ್ವಾಮಿ ಕೇಸ್ ಅಂತಲೇ ಪರಿಚಯ. ನಮ್ಮ ರಾಜ್ಯದವರು ತಂದುಕೊಟ್ಟ ಹಕ್ಕು, ನಮಗೇ ಗೊತ್ತಿಲ್ಲ.

ಅದಾದ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಮ್ಮ ಮಾಹಿತಿ ತಗೊಳ್ಳೋರು ಯಾಕೆ ತಗೋತೀವಿ ಅಂತ ಹೇಳಬೇಕು ಅನ್ನೋ ಥರದ ಕಾಯ್ದೆ. ಆದ್ರೆ ಸೆಕ್ಷನ್ 3 ನೋಡಿ, ನಾವೇ ಪಬ್ಲಿಕ್ ಮಾಡಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸಲ್ಲ. ಸೋಶಿಯಲ್ ಮೀಡಿಯಾದಲ್ಲಿ ತಾನೇ ಹಾಕಿಕೊಂಡವಳ ಉದಾಹರಣೆಯನ್ನೇ ಕೊಟ್ಟಿದ್ದಾರೆ ಅದರಲ್ಲಿ. ಅಂದ್ರೆ ಟೆಲಿಗ್ರಾಂ ಗ್ರೂಪಿಗೆ ಸಹಿ ಸಮೇತ ಹಾಕಿದ ರೆಸ್ಯೂಮ್ ಬಗ್ಗೆ ಆಮೇಲೆ ಕಾನೂನು ತೋರಿಸೋಕೆ ಹೋದ್ರೆ ನಮ್ಮ ಕೈ ಗಟ್ಟಿ ಇರಲ್ಲ.

ಇನ್ನೊಂದು. 2025ರ ಜುಲೈನಿಂದ ಇನ್‌ಸ್ಟಾಗ್ರಾಂನ ಪಬ್ಲಿಕ್ ಪ್ರೊಫೆಷನಲ್ ಅಕೌಂಟ್‌ಗಳ ಪೋಸ್ಟು ಗೂಗಲ್‌ನಲ್ಲೂ ಸಿಗೋ ಹಾಗೆ ಆಗಿದೆ. ನಮ್ಮಲ್ಲಿ ಅರ್ಧ ಜನ ರೀಚ್ ನೋಡೋಕೆ ಅಂತ "ಡಿಜಿಟಲ್ ಕ್ರಿಯೇಟರ್" ಮಾಡಿಕೊಂಡಿದ್ದೀರ, ನಾನೂ ಅದೇ. ಬೇಡ ಅಂದ್ರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಕಡೆ ಹೋಗಿ ಆಫ್ ಮಾಡಬಹುದು. ನಾನು ಆನ್ ಇಟ್ಟಿದ್ದೀನಿ, ಬ್ಯಾರನ್ ಲೆಕ್ಕ ಹುಡುಕೋರಿಗೆ ಸಿಗಲಿ ಅಂತ.

ಸರಿ ಅಣ್ಣ, ನೋಡಲಿ. ಪಬ್ಲಿಕ್ ಇರೋದನ್ನ ನೋಡಬೇಡಿ ಅಂತ ನಾನು ಹೇಳಲ್ಲ. ನೋಡಿ ಏನು ತೀರ್ಮಾನ ಮಾಡ್ತಾರೆ ಅನ್ನೋದೇ ನನ್ನ ಪ್ರಶ್ನೆ.

(8)
ಒಂದು ಕಡೆ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಮೈಸೂರಲ್ಲಿ, ಹೆಸರು ಬೇಡ. ಫಾರ್ಮ್‌ನಲ್ಲಿ ಇನ್‌ಸ್ಟಾಗ್ರಾಂ ಐಡಿ ಅಂತ ಒಂದು ಕಾಲಂ, ಸ್ಟಾರ್ ಹಾಕಿತ್ತು, ತುಂಬಲೇಬೇಕು. ಬಿಲ್ ಎಂಟ್ರಿ ಮಾಡೋಕೆ ಇನ್‌ಸ್ಟಾಗ್ರಾಂ ಯಾಕೆ? ಟ್ಯಾಲಿ ಬರುತ್ತಾ ಅಂತ ಕೇಳೋ ಕಾಲಮ್ಮೇ ಇರಲಿಲ್ಲ!

ಕಂಪನಿಗಳ ಪರವಾಗಿ ಮಾತಾಡೋರು ಹೇಳ್ತಾರೆ, ಸಂಸ್ಥೆ ಹೆಸರಿಗೆ ಕೆಟ್ಟದಾಗೋ ಜನ ಬೇಡ ಅಂತ. ಒಪ್ಪಿದೆ. ಯಾರನ್ನಾದ್ರೂ ಬೆದರಿಸಿದವನು, ಹೆಣ್ಣುಮಕ್ಕಳಿಗೆ ಹೊಲಸು ಮೆಸೇಜ್ ಹಾಕಿದವನು, ಜಾತಿ ಹಿಡಿದು ಬೈದವನು, ಅವನನ್ನ ತಗೊಳ್ಳಬೇಡಿ. ಆದ್ರೆ ಹೆಚ್‌ಆರ್ ಕೂತು ನೋಡೋದು ಅದನ್ನೇನಾ? ನಮ್ಮ ಹುಡುಗರು ಹುಡುಗಿಯರು ಹೇಳೋ ಅನುಭವದಲ್ಲಿ ಅವರು ನೋಡೋದು ಊರು, ಮನೆ, ಬಟ್ಟೆ, ಯಾವ ದೇವಸ್ಥಾನದ ಮುಂದೆ ನಿಂತಿದ್ದೀಯ, ಯಾವ ನಾಯಕರ ಜಯಂತಿಗೆ ಸ್ಟೇಟಸ್ ಹಾಕಿದ್ದೀಯ. ಜಾತಿ ಕೇಳೋಕೆ ಬಾಯಿ ಬರಲ್ಲ, ಐಡಿ ಕೇಳ್ತಾರೆ. ಇಂಟರ್‌ವ್ಯೂನಲ್ಲಿ ಕೇಳೋಕೆ ನಾಚಿಕೆ ಆಗೋ ಪ್ರಶ್ನೆಗಳಿಗೆ ನಮ್ಮ ಪೇಜಿನಿಂದ ಉತ್ತರ ತಗೋತಾರೆ.

ಇದಕ್ಕೆ ಟ್ರೈನರ್ ಹೇಳಿಕೊಟ್ಟ ಪರಿಹಾರ ಏನು? ಸ್ಟೇಟಸ್ ತೆಗಿ, ಜಯಂತಿ ತೆಗಿ, ಊರು ತೆಗಿ. ತಪ್ಪು ದೃಷ್ಟೀಲಿ ನೋಡೋರನ್ನ ಯಾರೂ ಕೇಳಲ್ಲ, ನೋಡಿಸಿಕೊಳ್ಳೋರೇ ಬಚ್ಚಿಟ್ಟುಕೊಳ್ಳಬೇಕು.

(9)
ವ್ಹೀಲಿಂಗ್ ಹುಡುಗನ್ನ ನೆನಪಿಟ್ಕೊಳ್ಳಿ ಅಂದಿದ್ನಲ್ಲ.

ಹೆಲ್ಮೆಟ್ ಇಲ್ಲದೆ ರೋಡಲ್ಲಿ ವ್ಹೀಲಿಂಗ್ ಮಾಡೋದು ಕಾನೂನು ಪ್ರಕಾರ ತಪ್ಪು. ಹೊಲದಲ್ಲಿ ಕೆಲಸ ಮಾಡೋದು ಯಾವ ಕಾನೂನಲ್ಲೂ ತಪ್ಪಲ್ಲ. ಅವನಿಗೆ ನಗು, ನನಗೆ ಬುದ್ಧಿ. ಹುಡುಗಿಯರ ಪೇಜು ಮುಚ್ಚಿಸೋಕೆ ನಮ್ಮೂರಲ್ಲಿ ಯಾವಾಗಲೂ ಕಾರಣ ಸಿಗುತ್ತೆ. ಮೊದಲು "ಮದುವೆ ಆಗಲ್ಲ" ಅಂತಿದ್ರು. ಈಗ "ಕೆಲಸ ಸಿಗಲ್ಲ" ಅಂತಾರೆ. ಟ್ರೈನಿಂಗ್ ಆದ ವಾರದಲ್ಲೇ ನಮ್ಮ ಕ್ಲಾಸಲ್ಲಿ ನಾಲ್ಕು ಹುಡುಗಿಯರು ಅಕೌಂಟ್ ಮುಚ್ಚಿದ್ರು. ಅದರಲ್ಲಿ ಇಬ್ಬರ ಮನೇಲಿ ಅಣ್ಣಂದಿರೇ ಕೂತು ಮುಚ್ಚಿಸಿದ್ದು, "ನಿಮ್ಮ ಕಾಲೇಜಲ್ಲೇ ಹೇಳವ್ರಲ್ಲ" ಅಂತ. ಆ ಅಣ್ಣಂದಿರ ಪೇಜು ಹಾಗೇ ಇದೆ, ಹೋಗಿ ನೋಡಿ.

ಅವಳಲ್ಲಿ ಒಬ್ಬಳು ಬ್ಲೌಸ್ ಡಿಸೈನ್ ಹಾಕ್ತಿದ್ಲು. ಎಚ್‌ಡಿ ಕೋಟೆ, ಹುಣಸೂರಿಂದ ಆರ್ಡರ್ ಬರ್ತಿತ್ತು, ತಿಂಗಳ ಖರ್ಚಿಗೆ ಆಗ್ತಿತ್ತು. ಕೆಲಸ ಸಿಗಲಿ ಅಂತ ಪೇಜು ಮುಚ್ಚಿ, ಇದ್ದ ಕೆಲಸವನ್ನೇ ಕಳ್ಕೊಂಡ್ಲು. ಇದಕ್ಕೆ ಏನು ಹೇಳ್ತೀರ ಸರ್?

(10)
ಚಿಕ್ಕ ಭಾಗ. ಲಿಂಕ್ಡ್‌ಇನ್ ಬಗ್ಗೆ.

ಮಾಡಿ, ಬೇಡ ಅನ್ನಲ್ಲ, ನನ್ನದೂ ಇದೆ. ಆದ್ರೆ ಒಂದೇ ಬ್ಲೇಜರ್ ಹನ್ನೊಂದು ಹುಡುಗರ ಮೈ ಮೇಲೆ ಬಂದಿದೆ, ಎಡಗಡೆ ಜೇಬಿನ ಹತ್ರ ದಾರ ಬಿಟ್ಟಿರೋದು ಹನ್ನೊಂದು ಫೋಟೋದಲ್ಲೂ ಕಾಣುತ್ತೆ! ಎರಡು ಗಂಟೆ ಆನ್‌ಲೈನ್ ಕೋರ್ಸ್ ಮಾಡಿ "ಥ್ರಿಲ್ಡ್ ಟು ಅನೌನ್ಸ್" ಅಂತ ಬರೀತೀವಿ. ಯಾರಿಗೆ ಅನೌನ್ಸ್? ನೋಡೋರೆಲ್ಲ ಕ್ಲಾಸಿನವರೇ, ನಮ್ಮಲ್ಲಿ ಯಾರೂ ಕೆಲಸ ಕೊಡೋರಿಲ್ಲ.

ಅದರ ಬದಲು ಒಂದು ನಿಜವಾದ ಕೆಲಸ ಹಾಕಿ. ಅಂಗಡಿ ಲೆಕ್ಕ ನೋಡಿಕೊಂಡಿದ್ರೆ ಅದನ್ನ, ಹಾಲಿನ ಡೇರಿ ಪುಸ್ತಕ ಬರೆದಿದ್ರೆ ಅದನ್ನ, ಅವ್ವನ ಸ್ವಸಹಾಯ ಸಂಘದ ಸಾಲದ ಬಡ್ಡಿ ಲೆಕ್ಕ ಹಾಕಿಕೊಟ್ಟಿದ್ರೆ ಅದನ್ನ. ಬೇರೆಯವರ ಹೆಸರು, ಮೊತ್ತ ತೆಗೆದು ಹಾಕಿ, ಅದು ಅವರ ಖಾಸಗಿ. ಕನ್ನಡದಲ್ಲೇ ಬರೀರಿ, ಕೆಳಗೆ ನಾಲ್ಕು ಸಾಲು ಇಂಗ್ಲಿಷ್ ಹಾಕಿ. ಪಿರಿಯಾಪಟ್ಟಣದ ಆಡಿಟರ್ ಆಫೀಸಿಗೆ ಬರೋ ಕಕ್ಷಿದಾರರು ಕನ್ನಡದಲ್ಲೇ ಮಾತಾಡೋದು. ನಮ್ಮ ಕಡೆ ಕೆಲಸ ಮಾಡೋ ಬ್ಯಾಂಕಿಗೆ ಈ ಊರಿನ ಬೆಳೆ ಗೊತ್ತಿರೋರು ಬೇಕು.

(11)
"ನೀನು ದೊಡ್ಡ ಮಾತಾಡ್ತೀಯ, ಕೆಲಸ ಸಿಗದಿದ್ರೆ?" ಅಂತ ಅಕ್ಕ ಕೇಳಿದ್ಲು. ಭಯ ಇದೆ. ಇಲ್ಲ ಅಂದ್ರೆ ಸುಳ್ಳು. ಅಪ್ಪನ ಸಾಲ ಇದೆ, ತಮ್ಮ ಪಿಯುಸಿಗೆ ಬಂದಿದ್ದಾನೆ. ಫೈನಲ್ ಇಯರ್ ಮುಗಿಯೋಕೆ ತಿಂಗಳುಗಳ ಲೆಕ್ಕ. ಯಾವನೋ ಒಬ್ಬ ಬ್ಯಾರನ್ ನೋಡಿ ಮುಖ ಸಿಂಡರಿಸಿ ನನ್ನ ಅರ್ಜಿ ಪಕ್ಕಕ್ಕೆ ಇಡಬಹುದು. ಅದು ನನಗೆ ಗೊತ್ತಾಗೋದೂ ಇಲ್ಲ, ಫೋನೇ ಬರಲ್ಲ ಅಷ್ಟೇ. ಅದಕ್ಕೇ ನಿಮಗೆಲ್ಲ ನನ್ನ ಥರಾನೇ ಮಾಡಿ ಅಂತ ಹೇಳಲ್ಲ. ಮನೇಲಿ ಕಷ್ಟ ಇದ್ದವರು ಆರ್ಕೈವ್ ಮಾಡಿದ್ರೆ ಅವರನ್ನ ಆಡಿಕೊಳ್ಳಬೇಡಿ. ಹತ್ತೊಂಬತ್ತು ದಿನ ನಾನೂ ಮಾಡಿದ್ದೆ.

ಆದ್ರೆ ಕಾಲೇಜಿಗೆ ಒಂದು ಮಾತು ಬರೆದು ಕೊಟ್ಟಿದ್ದೀನಿ, ಹನ್ನೆರಡು ಜನ ಸಹಿ ಹಾಕಿದ್ದಾರೆ. ಮುಂದಿನ ಟ್ರೈನಿಂಗ್‌ನಲ್ಲಿ ಯಾರ ಪೇಜನ್ನೂ ಪ್ರೊಜೆಕ್ಟರ್ ಮೇಲೆ ಹಾಕಬಾರದು. ಮೊದಲ ಅರ್ಧ ಗಂಟೆ ರೆಸ್ಯೂಮ್ ಮತ್ತು 1930 ಬಗ್ಗೆ ಹೇಳಬೇಕು. ಉತ್ತರ ಇನ್ನೂ ಬಂದಿಲ್ಲ. ನಮ್ಮ ಮೇಡಂ ಒಬ್ಬರು ಓದಿ "ನನ್ನದೂ ಆಧಾರ್ ಎಲ್ಲೆಲ್ಲಿದೆಯೋ" ಅಂದ್ರು, ಅಷ್ಟೇ.

ಆ ಸ್ಟಾರ್ ಇದ್ದ ಕಾಲಂ ತುಂಬಿದೆ. ಇದೇ ಐಡಿ ಕೊಟ್ಟೆ. ನಿನ್ನೆ ರಾತ್ರಿ 41ರಲ್ಲಿ 38 ವಾಪಸ್ ತಂದೆ. ಉಳಿದ ಮೂರರಲ್ಲಿ ತಮ್ಮನ ಸ್ಕೂಲ್ ಐಡಿ ಕಾರ್ಡ್ ಕಾಣ್ತಿತ್ತು, ನಮ್ಮ ಮನೆ ನಂಬರ್ ಕಾಣ್ತಿತ್ತು, ಅವು ಬೇಡ. ಅಪ್ಪನಿಗೆ ನೆಟ್‌ವರ್ಕ್ ಸರಿ ಹೋಯ್ತು ಅಂತ ಹೇಳಿದ್ದೀನಿ.

ರೆಸ್ಯೂಮ್‌ನಿಂದ ಆಧಾರ್, ಸಹಿ ತೆಗೆಯೋಕೆ ಗೊತ್ತಾಗದವರು ಗುರುವಾರ ಲಂಚ್ ಬ್ರೇಕ್‌ನಲ್ಲಿ ಕಾಮರ್ಸ್ ಬ್ಲಾಕ್ ಮೆಟ್ಟಿಲ ಹತ್ರ ಬನ್ನಿ, ಪಿಡಿಎಫ್ ಅಲ್ಲ, ವರ್ಡ್ ಫೈಲ್ ತನ್ನಿ. ಬಿಎ, ಬಿಎಸ್ಸಿಯವರೂ ಬರಬಹುದು. ಲ್ಯಾಪ್‌ಟಾಪ್ ಒಂದೇ ಇದೆ, ಯಾರಾದ್ರೂ ಇನ್ನೊಂದು ತಂದ್ರೆ ಬೇಗ ಮುಗಿಯುತ್ತೆ.

#ಹಾರನಹಳ್ಳಿ #ಪಿರಿಯಾಪಟ್ಟಣ #ಬಿಕಾಂ #ಬ್ಯಾರನ್‌ಲೆಕ್ಕ #1930